ಇಂಜೆಕ್ಷನ್ ಹಾಕ್ದೇ ಇರೋ ಕೋಳಿ ಸಿಗುತ್ತಾ ಮೇಡಂ?

ಹೋದ ಭಾನುವಾರ ಬೆಂಗಳೂರಿಂದ ಒಬ್ರು ಕಾರಲ್ಲಿ ಬಂದಿದ್ರು, ಯಾರೋ ನಮ್ ನಂಬರ್ ಕೊಟ್ಟಿದ್ರಂತೆ, ನಾಟಿ ಹುಂಜ ಎರಡು ಬೇಕಿತ್ತು. ಹಿತ್ತಲೆಲ್ಲ ಓಡಾಡಿ ನೋಡಿದ್ರು, ಮಕ್ಕಳ ಕೈಲಿ ಮರಿ ಹಿಡಿಸಿ ಫೋಟೋ ತೆಗೆದ್ರು, ರೇಟಿಗೆ ಚೌಕಾಸಿನೂ ಮಾಡ್ಲಿಲ್ಲ. ಎಲ್ಲಾ ಆಗಿ ಕಾಲು ಕಟ್ಟಿ ಚೀಲಕ್ಕೆ ಹಾಕೋ ಹೊತ್ತಿಗೆ "ಇದಕ್ಕೆ ಇಂಜೆಕ್ಷನ್ ಗಿಂಜೆಕ್ಷನ್ ಏನೂ ಹಾಕಿಲ್ಲ ತಾನೆ ಮೇಡಂ, ಪ್ಯೂರ್ ನ್ಯಾಚುರಲ್ ಅಲ್ವಾ" ಅಂದ್ರು. ಹಾಕಿದೀನಿ ಸರ್, ಕೊಕ್ಕರೆ ರೋಗದ್ದು ಲಸಿಕೆ (ಕೋಳಿಗಳನ್ನ ರಾಶಿ ರಾಶಿ ಸಾಯ್ಸೋ ವೈರಸ್ ರೋಗ ಅದು), ಎರಡು ತಿಂಗಳಿನ ಮರಿ ಇದ್ದಾಗ ಅಂದೆ. ಅವ್ರ ಮುಖ ಸಪ್ಪಗಾಯ್ತು. ಹುಂಜಗಳು ವಾಪಸ್ ಹಿತ್ತಲಿಗೆ, ಕಾರು ವಾಪಸ್ ಹೈವೇಗೆ. ಅತ್ತೆ ಒಳಗಿಂದ "ಇಲ್ಲ ಅಂದಿದ್ರೆ ನಿನ್ ಗಂಟೇನ್ ಹೋಗ್ತಿತ್ತವ್ವ" ಅಂದ್ರು. ಹೌದು ಅತ್ತೆ, ಸುಳ್ಳು ಹೇಳಿದ್ರೆ ಎರಡು ಹುಂಜದ ದುಡ್ಡು ಬರ್ತಿತ್ತು, ಆದ್ರೆ ಈ ಸುಳ್ಳನ್ನ ಒಂದ್ಸಲ ನನಗೆ ನಾನೇ ಹೇಳ್ಕೊಂಡು ಏನಾಯ್ತು ಅಂತ ನಿಮಗೂ ಗೊತ್ತಲ್ಲ. ಅದನ್ನೇ ಇಲ್ಲಿ ಬರೀತಿದೀನಿ, ಉದ್ದ ಆಗುತ್ತೆ, ಟೈಮ್ ಇದ್ದೋರು ಓದಿ.

ನಾವು 2020ರ ಲಾಕ್‌ಡೌನಲ್ಲಿ ಊರಿಗೆ ಬಂದೋರು, ಕುಣಿಗಲ್ ಕಡೆ. ಅತ್ತೆ ಹತ್ರ ಐದು ಹ್ಯಾಟೆ ಒಂದು ಹುಂಜ ಇತ್ತು, ಅದರಿಂದಲೇ ಶುರು. ಮೊದಲೇ ಹೇಳಿಬಿಡ್ತೀನಿ, ನಾನು ನ್ಯಾಚುರಲ್ ವಿರೋಧಿ ಅಲ್ಲ, ಇವತ್ತಿಗೂ ನಮ್ಮ ಮನೇಲಿ ನೂರಕ್ಕೆ ತೊಂಬತ್ತು ಭಾಗ ಅತ್ತೆ ಪದ್ಧತಿನೇ ನಡೆಯೋದು, ಮತ್ತೆ ಅದು ನಾನು ಫೋನಲ್ಲಿ ನೋಡಿ ಕಲ್ತಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ.

ಕಾವು ಕೂರ್ಸೋದನ್ನೇ ತಗೊಳ್ಳಿ. ಮಂಕರಿಗೆ ಅರ್ಧ ಒಲೆ ಬೂದಿ, ಮೇಲೆ ಮರಳು, ಅದರ ಮೇಲೆ ಹುಲ್ಲು, ಹುಲ್ಲಿನ ಮಧ್ಯೆ ಒಂದು ಹಿಡಿ ಲಕ್ಕಿ ಸೊಪ್ಪು, ಎರಡು ಎಲೆ ಹೊಗೆಸೊಪ್ಪು. ಕಾವಿಗೆ ಕೂತ ಹ್ಯಾಟೆ ದಿನಕ್ಕೆ ಒಂದ್ಸಲ ಎದ್ದು ಮೇವು ನೀರು ಮುಗಿಸಿ ಮತ್ತೆ ಕೂತ್ಕೊಳ್ಳುತ್ತೆ, ಮಣ್ಣಲ್ಲಿ ಹೊರಳಾಡೋಕೂ ಪುರುಸೊತ್ತಿರಲ್ಲ, ಹಂಗಾಗಿ 21 ದಿನದಲ್ಲಿ ಮೈಯೆಲ್ಲ ಹೇನು ಮುತ್ತಿ ಕೆಲವು ಮೊಟ್ಟೆ ಬಿಟ್ಟೇ ಎದ್ದೋಗ್ತವೆ. ಬೂದಿ, ಹೊಗೆಸೊಪ್ಪು ಎರಡೂ ಅದಕ್ಕೇ. ಮೊಟ್ಟೆ ಹತ್ತೋ ಹನ್ನೊಂದೋ, ಅದರ ಮೇಲೆ ಇಡಬಾರ್ದು, ರೆಕ್ಕೆ ಆಚೆ ಉಳಿದಿದ್ದು ತಣ್ಣಗಾಗಿ ಕೆಡುತ್ತೆ. ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ಅತ್ತೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡ್ತಾರೆ, ಅದನ್ನ ನಾನು ನಂಬಲ್ಲ, ತೆಗೆಯೋಕೂ ಹೋಗಲ್ಲ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದ್ರೆ ಒಳಗೆ ಜೇಡನ ಕಾಲಿನ ಥರ ಕೆಂಪು ನರ ಕಾಣುತ್ತೆ, ಕಾಣದೆ ಇರೋದನ್ನ ಎತ್ತಿಬಿಡೋದು. ಇದೊಂದೇ ನಾನು ಅತ್ತೆಗೆ ಹೇಳ್ಕೊಟ್ಟಿದ್ದು. ಮೊದಲನೇ ಸಲ ನೋಡಿದಾಗ ಅತ್ತೆ ಟಾರ್ಚ್ ಕೆಳಗಿಡಲೇ ಇಲ್ಲ, ಹನ್ನೊಂದು ಮೊಟ್ಟೇನೂ ಎರಡೆರಡು ಸಲ ನೋಡಿದ್ರು.

ಇನ್ನು ಮೇವು. ರಾಗಿ, ಅಕ್ಕಿ ನುಚ್ಚು, ತೌಡು, ನುಗ್ಗೆ ಸೊಪ್ಪು, ಮಿಕ್ಕಿದ್ದು ಅವೇ ಹುಡುಕ್ಕೊಳ್ತವೆ. ಮರಿಗಳಿಗೆ ಗೆದ್ಲು ಹಿಡಿಯೋ ಉಪಾಯ ಒಂದಿದೆ, ಹಳೇ ಮಡಕೆಗೆ ಒಣ ಸಗಣಿ, ರಾಗಿ ಹುಲ್ಲು, ಹರಿದ ಗೋಣಿಚೀಲ ತುರುಕಿ ನೀರು ಚಿಮುಕಿಸಿ ಗೆದ್ಲು ಓಡಾಡೋ ಕಡೆ ಬೋರಲು ಹಾಕ್ಬೇಕು, ಸಂಜೆ ಹಾಕಿದ್ರೆ ಬೆಳಿಗ್ಗೆ ಎತ್ತಿದಾಗ ತುಂಬಾ ಗೆದ್ಲು. ಮರಿಗಳ ಮುಂದೆ ಕೊಡವಿದ್ರೆ ಆ ಗಲಾಟೆ ನೋಡ್ಬೇಕು ನೀವು, ಕ್ಷಣದಲ್ಲಿ ಖಾಲಿ. ಮೊಟ್ಟೆ ಚಿಪ್ಪು ತೆಳ್ಳಗಾದ್ರೆ ತಿಂದು ಬಿಸಾಡೋ ಚಿಪ್ಪನ್ನೇ ಬಾಣಲೀಲಿ ಹುರಿದು ಪುಡಿ ಮಾಡಿ ತೌಡಿಗೆ ಹಾಕೋದು, ಸಾಕು. ಮೂಲೇಲಿ ಬೂದಿ ಗುಂಡಿ ಇದೆ, ಮಧ್ಯಾಹ್ನ ಎಲ್ಲಾ ಅದರಲ್ಲೇ ಬಿದ್ದಿರ್ತವೆ.

ಇದೆಲ್ಲ ಸಾಲದೂಂತ ನಾನು ಯೂಟ್ಯೂಬ್ ನೋಡೋಕೆ ಶುರು ಮಾಡ್ದೆ ನೋಡಿ, ಅಲ್ಲಿ ಎಡವಿದ್ದು. ಅಮೆರಿಕದ ಹೆಂಗಸ್ರು ಆಪಲ್ ಸೈಡರ್ ವಿನೆಗರ್ ಹಾಕಿ ಅಂತಾರೆ, ನಾನೂ ಅಮೆಜಾನಲ್ಲಿ ತರಿಸ್ದೆ! ಕುಣಿಗಲ್ ಕೋಳಿಗೆ ಸೇಬಿನ ಹುಳಿ. ಆಮೇಲೆ ಒಂದು ಹರ್ಬಲ್ ಟಾನಿಕ್, ಬಾಟಲ್ ಮೇಲೆ 'ಎಲ್ಲಾ ರೋಗಕ್ಕೂ' ಅಂತಿತ್ತು, ಅಲ್ಲೇ ಡೌಟ್ ಬರ್ಬೇಕಿತ್ತು. ಅರಿಶಿನ, ಬೆಳ್ಳುಳ್ಳಿ, ತುಳಸಿ, ಅಮೃತಬಳ್ಳಿ ಕುದಿಸಿ ವಾರಕ್ಕೆರಡು ಸಲ ಕೊಡ್ತಿದ್ದೆ. ಕೋಳಿಗಳು ಮಿರಮಿರ ಮಿಂಚ್ತಿದ್ವು, ಮೂವತ್ತನಾಲ್ಕು ಆಗಿದ್ವು, "ನೋ ಆ್ಯಂಟಿಬಯೋಟಿಕ್, ನೋ ಇಂಜೆಕ್ಷನ್" ಅಂತ ಇಲ್ಲೇ ಫೇಸ್‌ಬುಕ್ಕಲ್ಲಿ ಪೋಸ್ಟ್ ಹಾಕಿ ಲೈಕ್ ಎಣಿಸಿದ್ದೆ. ಹಳೇ ಫ್ರೆಂಡ್ಸ್‌ಗೆ ನೆನಪಿರ್ಬೋದು, ಆಮೇಲೆ ಡಿಲೀಟ್ ಮಾಡ್ದೆ.

2021ರ ಬೇಸಿಗೆ. ಪಕ್ಕದ ಬೀದಿಯೋರು ಸಂತೆಯಿಂದ ಎರಡು ಹ್ಯಾಟೆ ತಂದಿದ್ರು, ನಾಲ್ಕೈದು ದಿನಕ್ಕೆ ಅವು ತೂಕಡಿಸ್ತಾ ಕೂತ್ವು. ಸಂತೇಲಿ ಸಸ್ತಾ ಸಿಗುತ್ತೆ ಅಂದ್ರೆ ಯಾಕೆ ಸಸ್ತಾ ಅಂತ ಕೇಳ್ಬೇಕು, ರೋಗ ಬಿದ್ದ ಊರೋರು ಇದ್ದಬದ್ದಿದ್ದನ್ನ ಮೊದಲು ಮಾಡೋ ಕೆಲಸ ಸಂತೆಗೆ ಸಾಗ್ಸೋದು, ನಮ್ಮೋರೇ ಮಾಡ್ತಾರೆ, ಬೇರೆ ಊರೋರನ್ನ ಏನ್ ಬಯ್ಯೋದು. ಆಮೇಲೆ ನಮ್ಮವು. ಮೊದಲು ಮೇವು ಬಿಟ್ವು, ಹಸಿರು ಬಿಳಿ ಬಣ್ಣದ ನೀರು ನೀರು ಹಿಕ್ಕೆ, ಬಾಯಿ ತೆರೆದು ಉಸಿರು ಎಳೆಯೋದು, ರೆಕ್ಕೆ ಜೋತು ಬೀಳೋದು. ನಾನು ಅರಿಶಿನ ಮೆಣಸು ಬೆಳ್ಳುಳ್ಳಿ ಸಣ್ಣೀರುಳ್ಳಿ ಅರೆದು ಉಂಡೆ ಕಟ್ಟಿ ಒಂದೊಂದರ ಬಾಯಿಗೂ ಹಾಕ್ದೆ, ರಾತ್ರಿ ಹನ್ನೊಂದರ ತನಕ, ಬೆರಳೆಲ್ಲ ಹಳದಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಆರು ಸತ್ತಿದ್ವು. ಮಾರನೇ ದಿನ ಒಂಬತ್ತು. ಕರಿ ಹ್ಯಾಟೆ ಅಂತ ಒಂದಿತ್ತು, ಅತ್ತೆದು ಹಳೇದು, ಮೂರು ಸಲ ಮರಿ ಮಾಡಿದ್ದು, ಅದರ ಕತ್ತು ತಿರುಚಿಕೊಂಡು ಮುಖ ಆಕಾಶಕ್ಕೆ ಆಗೋಯ್ತು, ಕಾಳು ಕುಟುಕೋಕೆ ಹೋದ್ರೆ ಹಿಂದಕ್ಕೆ ಬೀಳೋದು, ಮತ್ತೆ ಎದ್ದು ಮತ್ತೆ ಕುಟುಕೋಕೆ ಹೋಗೋದು. ವಾರದಲ್ಲಿ ಮೂವತ್ತನಾಲ್ಕರಲ್ಲಿ ಉಳಿದಿದ್ದು ಮೂರು. ತೋಟದ ಮೂಲೇಲಿ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದ್ವಿ. ಅತ್ತೆ ಆವಾಗ ಒಂದು ಮಾತು ಹೇಳಿದ್ರು, "ಎರಡು ಮೂರು ವರ್ಷಕ್ಕೆ ಒಂದ್ಸಲ ಹಿಂಗೇ ಹೋಗ್ತವೆ ಕಣವ್ವ, ನಮ್ ಕಾಲದಿಂದ್ಲೂ. ಇದ್ದ ಒಂದೆರಡ್ರಲ್ಲಿ ಮತ್ತೆ ಮಾಡ್ಕೊಳ್ಳೋದು."

ಆ ಮಾತು ನನಗೆ ಹೊಡೆದಂಗಾಯ್ತು. ಯಾಕಂದ್ರೆ ನಾವೆಲ್ಲ "ಅಜ್ಜಿ ಕಾಲದಲ್ಲಿ ಯಾವ ಲಸಿಕೆ ಇತ್ತು, ಕೋಳಿ ಚೆನ್ನಾಗಿರ್ಲಿಲ್ವಾ" ಅಂತೀವಿ. ಚೆನ್ನಾಗಿರ್ಲಿಲ್ಲ ಸ್ವಾಮಿ! ಸಾಯ್ತಿದ್ವು, ಊರಿಗೂರೇ ಖಾಲಿ ಆಗ್ತಿತ್ತು, ಅಜ್ಜಿ ಅದನ್ನ ಲೆಕ್ಕ ಇಡ್ತಿರ್ಲಿಲ್ಲ ಅಷ್ಟೆ. ಅಜ್ಜಿಗೆ ಕೋಳಿ ಮೇವಿಗೆ ಖರ್ಚೂ ಇರ್ಲಿಲ್ಲ, ತಿಪ್ಪೆ ಕೆದಕಿ ಬೆಳೆದಿದ್ದು, ಹೋದ್ರೆ ಹೋಯ್ತು. ಉಳಿದ ಕೋಳಿಯನ್ನ ನೋಡಿ ನಾಟಿಕೋಳಿಗೆ ರೋಗ ಬರಲ್ಲ ಅಂತ ನಾವು ಕಥೆ ಕಟ್ಟಿದೀವಿ.

ಮತ್ತೆ ಮದ್ದು ಕೆಲಸ ಮಾಡ್ತು ಅನ್ಸೋದು ಹೆಂಗೆ ಅಂತಲೂ ಹೇಳ್ತೀನಿ. ಸಿಡುಬು ಬರುತ್ತಲ್ಲ, ಜುಟ್ಟು, ಕಣ್ಣಿನ ಸುತ್ತ ಗುಳ್ಳೆ, ನಮ್ ಕಡೆ ಕೋಳಿಗೂ ಅಮ್ಮ ಆಗಿದೆ ಅಂತಾರೆ, ಬೇವು ಅರಿಶಿನ ಅರೆದು ಹಚ್ತೀವಿ, ಎರಡು ಮೂರು ವಾರಕ್ಕೆ ಗುಳ್ಳೆ ಒಣಗಿ ಉದುರುತ್ತೆ. ನೋಡ್ರಿ ಬೇವಿನ ಪವರ್ ಅಂತೀವಿ. ಚರ್ಮಕ್ಕೆ ಮಾತ್ರ ಬಂದ ಸಿಡುಬು ಬೇವು ಹಚ್ಚದೇ ಇದ್ರೂ ಬಹಳಷ್ಟು ಕೋಳಿಗಳಲ್ಲಿ ಅಷ್ಟೇ ದಿನಕ್ಕೆ ವಾಸಿ ಆಗುತ್ತೆ. ಹಚ್ಚಬೇಡಿ ಅಂತಿಲ್ಲ, ನೊಣ ಕೂರಲ್ಲ, ಗಾಯ ಕೊಳೆಯಲ್ಲ, ನಾನೂ ಹಚ್ತೀನಿ. ಆದ್ರೆ ಸಿಡುಬಲ್ಲಿ ಸಂಪಾದಿಸಿದ ಹೆಸರನ್ನ ಹಿಡ್ಕೊಂಡು ಕೊಕ್ಕರೆ ರೋಗದ ಮುಂದೆ ನಿಂತ್ರೆ ಅರಿಶಿನ ಏನ್ ಮಾಡುತ್ತೆ ಪಾಪ. ಅದು ವೈರಸ್ಸು, ಬಂದ ಮೇಲೆ ಅರಿಶಿನ ಅಲ್ಲ, ಡಾಕ್ಟ್ರ ಹತ್ರಾನೂ ಅದನ್ನ ಕೊಲ್ಲೋ ಔಷಧ ಇಲ್ಲ. ಇಂಗ್ಲಿಷಲ್ಲಿ ನ್ಯೂಕ್ಯಾಸಲ್ ಅಂತಾರೆ, ನಮ್ ದೇಶದಲ್ಲಿ ರಾಣಿಖೇತ್ ಅಂತಾರೆ, ಉತ್ತರಾಖಂಡದ ಊರು ಅದು, 1920ರ ದಶಕದಲ್ಲಿ ಅಲ್ಲಿ ಗುರುತು ಹಿಡಿದಿದ್ದಕ್ಕೆ ಆ ಹೆಸರು. ಎರಡು ತಿಂಗಳ ಮರಿಗೆ ಹಾಕೋ ಆರ್‌ಟುಬಿ ಲಸಿಕೆ ಇದೆಯಲ್ಲ, ಅದರಲ್ಲಿರೋದು ಮುಕ್ತೇಶ್ವರ ಸ್ಟ್ರೇನ್ ಅನ್ನೋ ವೈರಸ್ ತಳಿ, ಆ ಮುಕ್ತೇಶ್ವರನೂ ಅದೇ ಬೆಟ್ಟಗಳ ಕಡೇದೇ.

ಈಗ ಆ ಕಾರಿನೋರ ವಿಷಯಕ್ಕೆ ಬರ್ತೀನಿ. ಅವ್ರ ಭಯ ಪೂರ್ತಿ ಸುಳ್ಳೇನಲ್ಲ. ಫಾರ್ಮ್‌ಗಳಲ್ಲಿ ರೋಗ ಇಲ್ದಿದ್ರೂ ಬೇಗ ಬೆಳೀಲಿ ಅಂತ ಮೇವಲ್ಲೇ ಆ್ಯಂಟಿಬಯೋಟಿಕ್ ಕೊಡೋದು ನಡೀತಿತ್ತು, ಕೊಲಿಸ್ಟಿನ್ ಅಂತ ಮನುಷ್ಯರಿಗೆ ಕಟ್ಟಕಡೇಲಿ ಕೊಡೋ ಔಷಧ, ಅದನ್ನೂ ಕೋಳಿಗೆ ಹಾಕ್ತಿದ್ರು, 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕೆ ಸಾಕೋ ಪ್ರಾಣಿಗಳಿಗೆ ಅದನ್ನ ಮಾರೋದೇ ಬ್ಯಾನ್ ಮಾಡ್ತು. ಅದಕ್ಕೆ ಹೆದರಬೇಕಾದ್ದೇ. ಆದ್ರೆ ಲಸಿಕೆ ಬೇರೆ ಜಾತಿ. ನಿಮ್ಮ ಮಗೂಗೆ ಪೋಲಿಯೋ ಹನಿ ಹಾಕಿಸಿದ್ರಲ್ಲ, ಮರಿಗೆ ಮೊದಲನೇ ಲಸಿಕೆನೂ ಅದೇ ಥರ ಒಂದು ಹನಿ. ಕೋಳಿ ಮೈ ತಾನೇ ಶಕ್ತಿ ಬೆಳೆಸ್ಕೊಳ್ಳುತ್ತೆ, ಹ್ಯಾಟೆ ಆ ಶಕ್ತೀನ ಮೊಟ್ಟೆಯ ಹಳದಿ ಮೂಲಕ ಮರಿಗೂ ಒಂದಿಷ್ಟು ದಿನಕ್ಕೆ ಕಟ್ಟಿ ಕಳಿಸುತ್ತೆ, ತವರುಮನೆ ಬುತ್ತಿ ಥರ. ಇದಕ್ಕಿಂತ ನ್ಯಾಚುರಲ್ ಇನ್ನೇನ್ ಬೇಕು ನಿಮಗೆ? 'ಇಂಜೆಕ್ಷನ್' ಅನ್ನೋ ಒಂದೇ ಪದದಲ್ಲಿ ಆ್ಯಂಟಿಬಯೋಟಿಕ್ಕು, ಹಾರ್ಮೋನು, ಲಸಿಕೆ ಮೂರನ್ನೂ ಕಲಸಿಟ್ಟಿದಾರೆ ಜನ. (ಬ್ರಾಯ್ಲರ್ ನಲವತ್ತು ದಿನಕ್ಕೆ ದಪ್ಪ ಆಗೋದು ಹಾರ್ಮೋನಿಂದ ಅಂತ ಇನ್ನೂ ನಂಬ್ತಾರೆ, ಅದು ತಳಿ ಮತ್ತೆ ಮೇವಿನ ಆಟ, ಅದರ ಜಗಳ ಇನ್ನೊಂದಿನ.)

ನಿಜವಾದ ಕಷ್ಟ ಬೇರೆ ಇದೆ, ಅದನ್ನ ಯಾರೂ ಮಾತಾಡಲ್ಲ. ಲಸಿಕೆ ಬಾಟಲ್ ನೂರು ಡೋಸು, ಇನ್ನೂರು ಡೋಸಿಂದು ಬರೋದು, ನಮ್ ಮನೇಲಿ ಇರೋದು ಹನ್ನೊಂದು ಮರಿ. ಪುಡಿಗೆ ನೀರು ಬೆರೆಸಿದ ಮೇಲೆ ಎರಡು ಗಂಟೆ ಒಳಗೆ ಮುಗಿಸ್ಬೇಕು, ಅಲ್ಲೀವರೆಗೂ ಐಸಲ್ಲೇ ಇರ್ಬೇಕು, ಬಿಸಿಲಲ್ಲಿ ಬೈಕ್ ಡಿಕ್ಕಿಲಿ ಹಾಕ್ಕೊಂಡು ಬಂದ್ರೆ ನೀರು ಹಾಕಿದಂಗೇ ಲೆಕ್ಕ. ಹಂಗಾಗಿ ನಾವು ಬೀದಿಲಿ ಎಂಟು ಮನೆ ಒಂದಾಗಿದೀವಿ, ಹ್ಯಾಟೆಗಳನ್ನ ಹೆಚ್ಚುಕಮ್ಮಿ ಒಂದೇ ವಾರದಲ್ಲಿ ಕಾವಿಗೆ ಕೂರಿಸ್ತೀವಿ. ಪಕ್ಕದ ಮನೆ ಕೋಳಿ ನಮ್ ತಿಪ್ಪೆಗೇ ಬರೋದಲ್ವಾ, ನಾನೊಬ್ಳೇ ಹಾಕಿ ಏನ್ ಬಂತು. ಮರಿ ಆಚೆ ಬಂದ ಏಳನೇ ದಿನ ಸಂಜೆ ಬಿಸಿಲು ಇಳಿದ ಮೇಲೆ ಮರಿಗಳನ್ನ ಮಂಕರಿಗೆ ತುಂಬ್ಕೊಂಡು ಎಲ್ಲರೂ ನಮ್ ಜಗಲಿಗೆ ಬರ್ತಾರೆ. ಒಂದೊಂದನ್ನೇ ಎಡಗೈ ಮುಷ್ಟೀಲಿ ಹಿಡಿದು, ತಲೆ ಸ್ವಲ್ಪ ಓರೆ ಮಾಡಿ, ಕಣ್ಣಿಗೆ ಒಂದು ಹನಿ. ಬಿಟ್ಬಿಡಬಾರ್ದು, ಮರಿ ಕಣ್ಣು ಮಿಟುಕಿಸಿ ಹನಿ ಒಳಗೆ ಹೋಗೋತನಕ ಹಿಡ್ಕೊಂಡಿರ್ಬೇಕು, ಎರಡು ಸೆಕೆಂಡ್ ಆಗ್ಬೋದು, ಕೆಲವು ಹಟಮಾರಿ ಮರಿ ಕಣ್ಣೇ ಮುಚ್ಚಲ್ಲ, ನಮ್ಮನ್ನೇ ದಿಟ್ಟಿಸ್ತಿರುತ್ತೆ. ಇಪ್ಪತ್ತೆಂಟನೇ ದಿನಕ್ಕೆ ಎರಡನೇದು, ಅದನ್ನ ಕುಡಿಯೋ ನೀರಲ್ಲಿ ಕೊಡ್ಬೋದು, ಬ್ಲೀಚಿಂಗ್ ಹಾಕಿರೋ ನಲ್ಲಿ ನೀರು ಮಾತ್ರ ಬೇಡ, ಬಾವಿ ನೀರಿಗೆ ಸ್ವಲ್ಪ ಕೆನೆ ತೆಗೆದ ಹಾಲಿನ ಪುಡಿ ಹಾಕಿ. ಎರಡು ತಿಂಗಳಿಗೆ ರೆಕ್ಕೆ ಕೆಳಗೆ ಚರ್ಮಕ್ಕೆ ಆರ್‌ಟುಬಿ, ಅದನ್ನ ಪಶು ಆಸ್ಪತ್ರೆಯೋರ ಕೈಲೇ ಹಾಕಿಸಿ, ಚಿಕ್ಕ ಮರಿಗೆ ಹಾಕ್ಬೇಡಿ, ಸೊರಗಿರೋ ಕೋಳಿಗೂ ಹಾಕ್ಬೇಡಿ. ಲಸಿಕೆ ಹಾಕಿದ್ರೆ ಎಲ್ಲಾ ಮುಗೀತು ಅಂತನೂ ಅಲ್ಲ, ಮಳೆಗಾಲದಲ್ಲಿ ನೆಲ ಒದ್ದೆ ಬಿಟ್ರೆ ಮರಿಗಳಿಗೆ ರಕ್ತ ಭೇದಿ ಬಂದೇ ಬರುತ್ತೆ, ಅದಕ್ಕೆ ದಿನಾ ಹೊಟ್ಟು ಕೆದಕಿ ಬೂದಿ ಎರಚಿ ಒಣ ಇಡೋದೇ ದಾರಿ, ಅಲ್ಲಿ ಅತ್ತೆನೇ ಡಾಕ್ಟ್ರು. ಒಂದೇ ಸಲ ರಾಶಿ ರಾಶಿ ಸತ್ರೆ ಮಾತ್ರ ಕೊಯ್ಯೋಕೆ, ಬಿಸಾಕೋಕೆ ಹೋಗ್ಬೇಡಿ, ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ, ಹಕ್ಕಿಜ್ವರನೂ ನೋಡೋಕೆ ಹಿಂಗೇ ಇರುತ್ತೆ, 2020ರಲ್ಲಿ ಮೈಸೂರು, ದಾವಣಗೆರೆ ಕಡೆ ಬಂದಿದ್ದು ಮರೀಬೇಡಿ.

ನಾಲ್ಕು ವರ್ಷದಿಂದ ಹಿಂಗೇ ನಡೆಸ್ತಿದೀವಿ. ನಾಯಿ, ಮುಂಗುಸಿ, ಹದ್ದು ತಗೊಂಡು ಹೋಗಿವೆ, ಆದ್ರೆ ಆ ಗುಂಡಿ ಮತ್ತೆ ತೋಡಿಲ್ಲ.

ಬೋರ್ಡಲ್ಲಿ ಏನಂತ ಹಾಕಲಿ ಅಂತ ಮಗಳು ಕೇಳ್ತಿದ್ಲು, ನ್ಯಾಚುರಲ್ ಅಂತ ಹಾಕಲಾ ಬೇಡ್ವಾ ಅಂತ. 'ನಾಟಿಕೋಳಿ, ಲಸಿಕೆ ಹಾಕಿದೆ' ಅಂತ ಬರಿ ಅಂದೆ. ಅತ್ತೆ "ಯಾವಳೂ ಕೊಳ್ಳಲ್ಲ ಕಣೇ" ಅಂತ ನಗ್ತಿದಾರೆ.

ನಾಡಿದ್ದು ಸಂಜೆ ಹೊಸ ಮರಿಗಳಿಗೆ ಏಳನೇ ದಿನ. ಎಲ್ಲಾ ಮನೇದೂ ಸೇರಿ ಅರವತ್ತೈದೇ ಆಗಿದೆ, ಬಾಟಲಲ್ಲಿ ಮೂವತ್ತೈದು ಹನಿ ಉಳಿಯುತ್ತೆ, ಸುಮ್ನೆ ಚೆಲ್ಲೋದು. ನಮ್ಮ ಕಡೆಯೋರು ಯಾರ ಮನೇಲಾದ್ರೂ ವಾರದ ಮರಿ ಇದ್ರೆ ಮೆಸೇಜ್ ಹಾಕಿ, ಐದೂವರೆ ಒಳಗೆ ಮಂಕರಿ ಸಮೇತ ಬಂದ್ಬಿಡಿ, ಆರು ಗಂಟೆಗೆ ಬಾಟಲ್ ಒಡೀತೀವಿ.