ಮೂತಿ ನೋಡಿ ಬೈದ್ರಿ, ಬೆನ್ನು ಯಾರು ನೋಡಿದ್ರಿ?

ಶನಿವಾರ ಬೆಳಿಗ್ಗೆ ಇಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಪಾರ್ಕಿಂಗ್ ಲಾಟಲ್ಲಿ ನೋಡಿದ್ದು ಇನ್ನೂ ತಲೇಲಿ ಕೊರೀತಾ ಇದೆ. ಬರೆದು ಹಾಕ್ದೇ ಇದ್ರೆ ನಂಗೆ ಸಮಾಧಾನ ಇಲ್ಲ. ಉದ್ದ ಆಗತ್ತೆ, ಪುರುಸೊತ್ತಿದ್ದಾಗ ಓದಿ.

ಅರವತ್ತರ ಹತ್ರ ಇರೋ ಒಬ್ರು ತಮ್ಮ ಸೈಬರ್‌ಟ್ರಕ್‌ಗೆ (ಟೆಸ್ಲಾ ಕಂಪನಿಯ ಎಲೆಕ್ಟ್ರಿಕ್ ಪಿಕಪ್, ಚೂಪು ಮೂಲೆಗಳ ಸ್ಟೀಲ್ ಮೈಯದ್ದು) ಕಾಂಕ್ರೀಟ್ ಮಿಕ್ಸ್ ಚೀಲ ತುಂಬ್ತಾ ಇದ್ರು. 80 ಪೌಂಡಿನ ಚೀಲ, ಅಂದ್ರೆ ಒಂದೊಂದೂ ಮೂವತ್ತಾರು ಕೆಜಿ. ಟ್ರಾಲಿಯಿಂದ ಎತ್ತಿ ಟೇಲ್‌ಗೇಟ್ (ಕೆಳಗೆ ಮಡಚೋ ಹಿಂಬಾಗಿಲು) ಮೇಲಿಟ್ಟು, ತಾವೂ ಮೇಲೆ ಹತ್ತಿ, ಸೊಂಟ ಬಗ್ಗಿಸಿ ಒಳಗಡೆ ಎಳ್ಕೊಂಡು ಹೋಗಿ ಕ್ಯಾಬಿನ್ ಗೋಡೆಗೆ ಒತ್ತಿ ಜೋಡಿಸೋದು, ಮತ್ತೆ ಇಳಿಯೋದು, ಮತ್ತೊಂದು ಎತ್ತೋದು. ನಾನು ಕಾರಲ್ಲಿ ಕೂತು ನಮ್ಮೆಜಮಾನ್ರಿಗೆ ಕಾಯ್ತಾ ಇದ್ದೆ. ಆ ಹತ್ತು ನಿಮಿಷದಲ್ಲಿ ಮೊದಲು ಒಬ್ಬ ಪಿಕಪ್‌ನೋನು ಕಿಟಕಿ ಇಳಿಸಿ, ಮಧ್ಯದ ಬೆರಳು ತೋರಿಸಿ, ಏನೋ ಕೆಟ್ಟದಾಗಿ ಕೂಗಿ ಹೋದ. ಆಮೇಲೆ ಇಬ್ರು ಹುಡುಗ್ರು ಬಂದು ಆ ಮನುಷ್ಯ ಅಲ್ಲೇ ಬೆವರು ಸುರಿಸ್ತಾ ಇದ್ರೂ ಅವರ ಮುಂದೇನೇ ಫೋನ್ ಹಿಡಿದು ಕಸದ ಡಬ್ಬಿ ಕಸದ ಡಬ್ಬಿ ಅಂತ ನಗ್ತಾ ವಿಡಿಯೋ ಮಾಡ್ಕೊಂಡ್ರು. ಕೊನೆಗೆ ಒಬ್ಬ ಬಂದ, ಅಭಿಮಾನಿ, ಬಾನೆಟ್ ಮೇಲೆ ಕೈಯಾಡಿಸಿ ಇದೇ ಭವಿಷ್ಯ ಅಂದು ಸೆಲ್ಫಿ ತಗೊಂಡು ಹೊರಟ.

ನಾಲ್ಕು ಜನ. ಒಬ್ರಾದ್ರೂ ಒಂದು ಚೀಲಕ್ಕೆ ಕೈ ಕೊಡಲಿಲ್ಲ. ಒಬ್ರಾದ್ರೂ ಇದರಲ್ಲಿ ಎಷ್ಟು ಹಿಡಿಯತ್ತೆ, ಕೆಲಸಕ್ಕೆ ಹೇಗೆ ಬರತ್ತೆ ಅಂತ ಕೇಳಲಿಲ್ಲ. ಎಲ್ರೂ ನೋಡಿದ್ದು ಮೂತಿ. ಪಿಕಪ್ ಗಾಡಿ ಇರೋದೇ ಬೆನ್ನಿಗೆ ಕಣ್ರೀ! ಹಿಂದಗಡೆ ಏನು ಹೊರತ್ತೆ, ಏನು ಎಳೆಯತ್ತೆ ಅನ್ನೋದಕ್ಕೆ ತಾನೇ ಅದನ್ನ ಕೊಳ್ಳೋದು?

ನಾನು ಇಳಿದು ಹೋಗಿ ಮಾತಾಡಿಸ್ದೆ. ಬೇಲಿ ಹಾಕೋ ಕೆಲಸ ಅವರದ್ದು, ಕಬ್ಬಿಣದ ಕಂಬ ನೆಟ್ಟು ವೆಲ್ಡಿಂಗ್ ಮಾಡೋದು. ಈ ಗಾಡಿ ಯಾಕೆ ತಗೊಂಡ್ರಿ ಸರ್ ಅಂದೆ. ಬೆಡ್‌ನಲ್ಲಿರೋ, ಅಂದ್ರೆ ಹಿಂದಗಡೆ ಸಾಮಾನು ತುಂಬೋ ಜಾಗದಲ್ಲಿರೋ, 240 ವೋಲ್ಟ್ ಔಟ್‌ಲೆಟ್ ತೋರಿಸಿ, ಇದಕ್ಕೇ ವೆಲ್ಡಿಂಗ್ ಮಷೀನ್ ಸಿಗಿಸ್ತೀನಮ್ಮ, ಜನರೇಟರ್ ಹೊತ್ಕೊಂಡು ಹೋಗೋದು ತಪ್ತು, ಅದರ ಗದ್ದಲ ಇಲ್ಲ ಹೊಗೆ ಇಲ್ಲ ಅಂದ್ರು. ಮತ್ತೆ ಕಷ್ಟ ಏನು ಅಂತ ಕೇಳಿದ್ದಕ್ಕೆ ಒಂದು ಕ್ಷಣ ಸುಮ್ನಿದ್ದು, ಬೆಡ್‌ನ ಪಕ್ಕದ ಗೋಡೆ ಮೇಲೆ ಕೈ ಇಟ್ರು. ಹಿಂದಿನಿಂದ ಕ್ಯಾಬಿನ್ ಕಡೆಗೆ ಹೋಗ್ತಾ ಹೋಗ್ತಾ ಆ ಗೋಡೆ ಇಳಿಜಾರಾಗಿ ಮೇಲಕ್ಕೆ ಏರತ್ತೆ ನೋಡಿ, ಹಾಗಾಗಿ ಪಕ್ಕದಲ್ಲಿ ನಿಂತು ಕೈ ಚಾಚಿ ಒಳಗಿರೋ ಸಾಮಾನು ತೆಗೆಯೋಕಾಗಲ್ಲ. ಮಾಮೂಲಿ ಪಿಕಪ್‌ನಲ್ಲಿ ಸುತ್ತಿಗೆ, ಹಗ್ಗ, ಡಬ್ಬ ಏನೇ ಇದ್ರೂ ಪಕ್ಕದಿಂದಾನೇ ಎತ್ಕೋತೀವಿ. ಇಲ್ಲಿ ಪ್ರತಿ ಸಲ ಹಿಂದಗಡೆಯಿಂದ ಹತ್ತಬೇಕು. ದಿನಕ್ಕೆ ಇಪ್ಪತ್ತು ಸಲ, ನನ್ನ ಮಂಡಿ ನೋವು ಕೇಳಿ ಅಂದ್ರು.

ಇದು ನೋಡಿ, ಡಿಸೈನ್ ಬಗ್ಗೆ ಆಡೋ ಮಾತು ಅಂದ್ರೆ ಇದು. 2019ರ ನವೆಂಬರ್‌ನಲ್ಲಿ ಲಾಸ್ ಏಂಜಲಿಸ್ ಹತ್ರ ಈ ಗಾಡಿನ ಮೊದಲು ತೋರಿಸಿದ ದಿನದಿಂದ ಇವತ್ತಿನವರೆಗೂ ಜನ ಆಡಿದ ಮಾತಲ್ಲಿ ಈ ಮಂಡಿ ನೋವು ಎಷ್ಟು ಸಲ ಬಂತು? ಅವತ್ತು ಟೆಸ್ಲಾ ಡಿಸೈನರ್ ಫ್ರಾಂಜ್ ಫಾನ್ ಹೋಲ್ಝೌಸೆನ್ ಗಾಜು ಗಟ್ಟಿ ಅಂತ ತೋರಿಸೋಕೆ ಲೋಹದ ಗುಂಡು ಎಸೆದು ಕಿಟಕಿ ಗಾಜು ಬಿರುಕು ಬಿಟ್ಟಿದ್ದು ಲೋಕಕ್ಕೆಲ್ಲ ಗೊತ್ತು. ಹಳೇ ವಿಡಿಯೋ ಗೇಮ್‌ನಿಂದ ಎದ್ದು ಬಂದಂಗಿದೆ, ಮಗು ಸ್ಕೇಲ್ ಇಟ್ಟು ಗೀಚಿದಂಗಿದೆ, ಇದೇ ನಾಲ್ಕು ಜೋಕು ಆರು ವರ್ಷದಿಂದ ತಿರುಗ್ತಾ ಇದೆ.

ನಾನು ಇಷ್ಟು ವರ್ಷ ಶೀಟ್ ಮೆಟಲ್ ಜೊತೆ ಗುದ್ದಾಡಿದೋಳು ಅಂತ ನಿಮಗೆಲ್ಲ ಗೊತ್ತೇ ಇದೆ. ಆ ಆಕಾರ ಯಾರಿಗೋ ತಿಕ್ಕಲು ಹಿಡಿದು ಬಂದಿದ್ದಲ್ಲ. ಮಾಮೂಲಿ ಕಾರಿನ ಮೈ ಒಂದು ಮಿಲಿಮೀಟರಿಗಿಂತ ತೆಳು ಇರೋ ಮೆದು ಶೀಟು, ಅದನ್ನ ಡೈ, ಅಂದ್ರೆ ಅಚ್ಚಿನ ಮಧ್ಯ ಇಟ್ಟು ಪ್ರೆಸ್‌ನಲ್ಲಿ ಒತ್ತಿದ್ರೆ ಬೇಕಾದ ಹಾಗೆ ಉಬ್ಬು ತಗ್ಗು ಬರತ್ತೆ. ಇವರು ತಗೊಂಡಿದ್ದು ಕೋಲ್ಡ್ ರೋಲ್ಡ್ ಸ್ಟೇನ್‌ಲೆಸ್ ಸ್ಟೀಲ್, ಅದಕ್ಕಿಂತ ದಪ್ಪ, ತುಂಬಾ ಗಟ್ಟಿ. ಅದನ್ನ ಸ್ಟ್ಯಾಂಪ್ ಮಾಡೋಕೆ ಹೋದ್ರೆ ಪ್ರೆಸ್ಸೇ ಮುರಿಯತ್ತೆ ಅಂತ ಟೆಸ್ಲಾ ಮುಖ್ಯಸ್ಥ ಇಲಾನ್ ಮಸ್ಕ್ ಆಗಲೇ ಹೇಳಿದ್ರು. ಹಾಗಾಗಿ ಉಳಿದಿದ್ದು ನೇರ ಗೆರೇಲಿ ಬಗ್ಗಿಸೋದೊಂದೇ. ಕಾಗದ ಮಡಚಿದ ಹಾಗೆ. ಸ್ಟೇನ್‌ಲೆಸ್ ಬಗ್ಗಿಸಿದೋರಿಗೆ ಗೊತ್ತು, ತೊಂಬತ್ತು ಡಿಗ್ರಿ ಬಗ್ಗಿಸಿ ಕೈ ಬಿಟ್ರೆ ಅದು ಒಂಚೂರು ವಾಪಸ್ ಬಿಚ್ಕೊಳತ್ತೆ, ಸ್ಪ್ರಿಂಗ್‌ಬ್ಯಾಕ್ ಅಂತೀವಿ, ಅದನ್ನ ಲೆಕ್ಕ ಹಾಕಿ ಮೊದಲೇ ಜಾಸ್ತಿ ಬಗ್ಗಿಸಬೇಕು. ಬಣ್ಣ ಬೇರೆ ಇಲ್ಲ, ಉಬ್ಬಿಲ್ಲ, ಸಪಾಟು ಮೈ, ಒಂದು ಕೂದಲಿನಷ್ಟು ಡೊಂಕಿದ್ರೂ ಬಿಸಿಲಲ್ಲಿ ಎದ್ದು ಕಾಣತ್ತೆ. ನಾನು ಅವತ್ತು ಆ ಬಾಗಿಲ ಅಂಚಿನ ಪಕ್ಕ ಬಗ್ಗಿ ನೋಡ್ದೆ. ಮೇಲ್ಗಡೆ ಸಂದಿ ಕಿರಿದು, ಕೆಳಗೆ ಬರ್ತಾ ಸ್ವಲ್ಪ ಅಗಲ. ಹಿಡಿಕೆ ಇಲ್ಲದ ಬಾಗಿಲ ಮೇಲೆ ಒಂದು ಪೂರಾ ಅಂಗೈ ಗುರುತು, ಸಿಮೆಂಟ್ ಧೂಳಿನದ್ದು, ಐದೂ ಬೆರಳು ಎಣಿಸಬಹುದಿತ್ತು.

ಈಗ ನಾನು ಯಾಕೆ ಇಷ್ಟು ಸಿಟ್ಟಾಗಿದೀನಿ ಅಂದ್ರೆ, ಬೈಯೋಕೆ ನಿಜವಾದ ಕಾರಣ ರಾಶಿ ಬಿದ್ದಿದೆ, ಅದನ್ನ ಬಿಟ್ಟು ಮೂತಿ ಹಿಡ್ಕೊಂಡಿದೀರಲ್ಲ ಅಂತ. 2019ರಲ್ಲಿ 39,900 ಡಾಲರ್‌ನಿಂದ ಶುರು ಅಂದಿದ್ರು. ಮೇಲ್ಗಡೆ ಮಾಡೆಲ್ 500 ಮೈಲಿ ಓಡತ್ತೆ, 14,000 ಪೌಂಡ್ ಎಳೆಯತ್ತೆ ಅಂದಿದ್ರು. 2023ರ ನವೆಂಬರ್ 30ಕ್ಕೆ ಇದೇ ಆಸ್ಟಿನ್ ಫ್ಯಾಕ್ಟರಿಯಲ್ಲಿ ಮೊದಲ ಗಾಡಿಗಳನ್ನ ಕೈಗೆ ಕೊಟ್ಟಾಗ ಎರಡು ಮೋಟಾರಿನದ್ದಕ್ಕೆ 79,990 ಡಾಲರ್, 340 ಮೈಲಿ, 11,000 ಪೌಂಡ್. ರೇಂಜ್, ಅಂದ್ರೆ ಒಂದು ಚಾರ್ಜಿಗೆ ಓಡೋ ದೂರ, ಜಾಸ್ತಿ ಬೇಕಂದ್ರೆ ಬೆಡ್‌ನಲ್ಲಿ ಇನ್ನೊಂದು ಬ್ಯಾಟರಿ ಹಾಕಿ ಕೊಡ್ತೀವಿ ಅಂದ್ರು, ಅಂದ್ರೆ ಸಾಮಾನು ಇಡೋ ಜಾಗಾನೇ ತಿನ್ನತ್ತೆ ಅದು, ಕೊನೆಗೆ 2025ರಲ್ಲಿ ಅದನ್ನೂ ಕೈಬಿಟ್ರು. ಅದೇ ವರ್ಷ 69,990 ಡಾಲರಿಗೆ ಒಂದು ಕಡಿಮೆ ಮಾಡೆಲ್ ತಂದ್ರು, ಅದರಲ್ಲಿ ಏನು ತೆಗೆದ್ರು ಗೊತ್ತಾ? ಬೆಡ್‌ನಲ್ಲಿದ್ದ ಔಟ್‌ಲೆಟ್! ಆ ಬೇಲಿ ಕೆಲಸದ ಮನುಷ್ಯ ಯಾವುದಕ್ಕೋಸ್ಕರ ಗಾಡಿ ತಗೊಂಡ್ರೋ ಅದನ್ನೇ. ಕೆಲವೇ ತಿಂಗಳಲ್ಲಿ ಆ ಮಾಡೆಲ್ಲೇ ಮಾಯ. ಇದಕ್ಕೆ ಯಾರಾದ್ರೂ ಕಿಟಕಿ ಇಳಿಸಿ ಕೂಗಿದ್ರಾ?

ಆಮೇಲೆ ಅಂಟು. ಇದರ ಬಗ್ಗೆ ನಂಗೆ ಹೊಟ್ಟೆ ಉರಿ ಜಾಸ್ತಿ. 2025ರ ಮಾರ್ಚ್‌ನಲ್ಲಿ 46,096 ಗಾಡಿ ರಿಕಾಲ್ ಆಯ್ತು, ಅಂದ್ರೆ ದೋಷ ಸರಿಮಾಡೋಕೆ ಕಂಪನಿ ವಾಪಸ್ ಕರೆಸ್ತು. ವಿಂಡ್‌ಶೀಲ್ಡ್ ಪಕ್ಕದಿಂದ ಮೇಲೆ ಹೋಗೋ ಸ್ಟೀಲ್ ಪಟ್ಟಿ, ಕ್ಯಾಂಟ್ ರೈಲ್ ಅಂತಾರೆ, ಅದನ್ನ ಅಂಟು ಹಾಕಿ ಕೂರಿಸಿದ್ರು, ಬಿಸಿಲು ಚಳಿಗೆ ಆ ಅಂಟು ಪೆಡಸಾಗಿ ಪಟ್ಟಿ ಕಿತ್ಕೊಂಡು ಬರೋ ಹಾಗಾಯ್ತು. ಹೈವೇಲಿ ಹಾಗೆ ಹಾರಿ ಹಿಂದಿನ ಬೈಕ್‌ನೋನಿಗೆ ತಗುಲಿದ್ರೆ? ರಿಪೇರಿ ಏನು ಮಾಡಿದ್ರು ಅಂದ್ರೆ, ಬೇರೆ ಅಂಟು, ಜೊತೆಗೆ ಶೀಟಿಗೆ ಸ್ಟಡ್ (ಮರೆ ಇರೋ ಮೊಳೆ) ವೆಲ್ಡ್ ಮಾಡಿ ನಟ್ ಬಿಗಿದ್ರು. ನಟ್ಟು! ನಮ್ಮ ಶಾಪ್‌ಗೆ ಹೊಸದಾಗಿ ಸೇರಿದ ಹುಡುಗನೂ ಮೊದಲ ದಿನ ಕೇಳೋ ಪ್ರಶ್ನೆ ಅದು, ಅಂಟು ಬಿಟ್ರೆ ಹಿಡ್ಕೊಳೋಕೆ ಏನಿದೆ ಅಂತ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಹೀಗೇ ಆಗಿತ್ತು. ಶೀಟ್ ಒರೆಸಿದ ಬಟ್ಟೇಲಿ ಎಣ್ಣೆ ಇತ್ತು, ಕಣ್ಣಿಗೆ ಕಾಣ್ತಿರಲಿಲ್ಲ, ಅಂಟು ಹಾಕಿದ್ದು ಎರಡು ತಿಂಗಳು ಚೆನ್ನಾಗೇ ಇತ್ತು, ಮೂರನೇ ತಿಂಗಳು ಉಗುರಲ್ಲಿ ಕೆರೆದ್ರೆ ಹಪ್ಪಳದ ಹಾಗೆ ಎದ್ದು ಬಂತು. ಅವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ, ಆ ಪೀಸ್‌ಗಳಿಗೆ ಸೈನ್ ಹಾಕಿದೋಳು ನಾನು. ಹಾಗಾಗಿ ಈ ವಿಷಯ ನಂಗೆ ತಮಾಷೆಯಾಗಿ ಕಾಣಲ್ಲ. ಅದಕ್ಕೂ ಮುಂಚೆ 2024ರ ಏಪ್ರಿಲ್‌ನಲ್ಲಿ 3,878 ಗಾಡಿಗೆ ಆಕ್ಸಿಲರೇಟರ್ ಪೆಡಲ್‌ನ ಪ್ಯಾಡ್ ಜಾರಿ ಸಿಕ್ಕಾಕ್ಕೋಬಹುದು ಅಂತ ರಿಕಾಲ್ ಆಗಿತ್ತು, ಕಾರಣ ಪ್ಯಾಡ್ ಸುಲಭವಾಗಿ ಕೂರಲಿ ಅಂತ ಜೋಡಿಸೋವಾಗ ಸೋಪು ಬಳಸಿದ್ದು.

ಇನ್ನು ಎಳೆಯೋ ವಿಷಯ. ಟ್ರೇಲರ್ ಕಟ್ಟಿದ್ರೆ ರೇಂಜ್ ಅರ್ಧಕ್ಕೆ ಬರತ್ತೆ ಅಂತ ಆ ಬೇಲಿ ಕೆಲಸದವರೂ ಹೇಳಿದ್ರು. ಇದು ಈ ಒಂದು ಗಾಡಿ ತೊಂದರೆ ಅಲ್ಲ. ಅದರ ಬ್ಯಾಟರಿ ಸುಮಾರು 123 ಕಿಲೋವಾಟ್ ಅವರ್. ಒಂದು ಗ್ಯಾಲನ್ ಪೆಟ್ರೋಲಲ್ಲಿ 33.7 ಕಿಲೋವಾಟ್ ಅವರ್ ಶಕ್ತಿ ಇರತ್ತೆ ಅಂತ ಇಲ್ಲಿನ ಲೆಕ್ಕ. ಅಂದ್ರೆ ಅಷ್ಟು ದೊಡ್ಡ ಬ್ಯಾಟರಿ ಅಂದ್ರೂ ನಾಲ್ಕು ಗ್ಯಾಲನ್ನಿಗಿಂತ ಕಡಿಮೆ! ಅಷ್ಟರಲ್ಲೇ ಮುನ್ನೂರು ಮೈಲಿಗಿಂತ ಜಾಸ್ತಿ ಓಡತ್ತಲ್ಲ, ಅದು ದೊಡ್ಡ ವಿಷಯಾನೇ. ಆದ್ರೆ ಹಿಂದೆ ಗಾಳಿಗೆ ಗೋಡೆ ಹಾಗೆ ನಿಲ್ಲೋ ಟ್ರೇಲರ್ ಕಟ್ಟಿದ ಕೂಡ್ಲೇ ಖರ್ಚು ದುಪ್ಪಟ್ಟು. ಪೆಟ್ರೋಲ್ ಪಿಕಪ್‌ಗೂ ಮೈಲೇಜ್ ಹಾಗೇ ಬಿದ್ದೋಗತ್ತೆ, ಆದ್ರೆ ಅವನು ಐದು ನಿಮಿಷದಲ್ಲಿ ತುಂಬಿಸ್ಕೊಂಡು ಹೋಗ್ತಾನೆ. ಇಲ್ಲಿ ಚಾರ್ಜಿಂಗ್ ಜಾಗದಲ್ಲಿ ಎಷ್ಟೋ ಕಡೆ ಟ್ರೇಲರ್ ಸಮೇತ ನಿಲ್ಲೋಕೂ ಆಗಲ್ಲ, ಬಿಚ್ಚಿ ಪಕ್ಕಕ್ಕಿಟ್ಟು ಚಾರ್ಜ್ ಮಾಡಿ ಮತ್ತೆ ಕಟ್ಟಬೇಕು.

ಫೋರ್ಡ್ ಕಂಪನಿಯ ಎಲೆಕ್ಟ್ರಿಕ್ ಪಿಕಪ್ ಎಫ್-150 ಲೈಟ್ನಿಂಗ್ ನೋಡಿ. ನೋಡೋಕೆ ಥೇಟ್ ಮಾಮೂಲಿ ಎಫ್-150. ಯಾರೂ ಬೆರಳು ತೋರಿಸಲಿಲ್ಲ, ಯಾರೂ ಸೆಲ್ಫಿ ತಗೊಳ್ಳಲಿಲ್ಲ. ಅದನ್ನೂ ನಿಲ್ಲಿಸ್ತೀವಿ ಅಂತ 2025ರ ಡಿಸೆಂಬರ್‌ನಲ್ಲಿ ಫೋರ್ಡ್ ಹೇಳ್ತು, ಮುಂದಿನದ್ದಕ್ಕೆ ಚಾರ್ಜ್ ಮಾಡೋಕೆ ಪೆಟ್ರೋಲ್ ಜನರೇಟರ್ ಕೂಡ ಇರತ್ತಂತೆ. ಮೂತಿ ಚೆಂದ ಇದ್ದ ಮಾತ್ರಕ್ಕೆ ಟ್ರೇಲರ್ ಎಳೆಯೋ ಕಷ್ಟ ಹೋಗಲಿಲ್ಲ ಅಲ್ವಾ?

ಈಗ ಕಾಮೆಂಟಲ್ಲಿ ಏನು ಬರತ್ತೆ ಅಂತ ಗೊತ್ತು. ಇದು ಡಿಸೈನ್ ಮಾತಲ್ಲ ಕಣೇ, ರಾಜಕೀಯ, 2025ರಲ್ಲಿ ಮಸ್ಕ್ ಅಮೆರಿಕ ಸರ್ಕಾರದೊಳಗೆ ಕೂತು ಮಾಡಿದ್ದಕ್ಕೆ ಜನ ಸಿಟ್ಟಾಗಿದಾರೆ, ಆ ಗಾಡಿ ಅವರ ಬಾವುಟ ಇದ್ದಂಗೆ ಅಂತೀರಿ. ಸಿಟ್ಟಿರಲಿ, ನಂಗೂ ಇದೆ. ಶೋರೂಮ್ ಮುಂದೆ ಬೋರ್ಡ್ ಹಿಡಿದು ನಿಂತೋರನ್ನ ನಾನು ತಪ್ಪು ಅನ್ನಲ್ಲ, ಅದು ಅವರ ಹಕ್ಕು. ಆದ್ರೆ ಮೂವತ್ತಾರು ಕೆಜಿ ಚೀಲ ಹೊತ್ತು ಬಗ್ಗಿರೋ ಮನುಷ್ಯನ ಬೆನ್ನಿಗೆ ಕೂಗಿದ್ರೆ ಅದು ಯಾವ ಮಸ್ಕ್‌ಗೆ ಕೇಳತ್ತೆ? ಅವರು ಯಾರಿಗೆ ವೋಟ್ ಹಾಕಿದ್ರು ಅಂತ ನಂಗೆ ಗೊತ್ತಿಲ್ಲ, ಕೂಗಿದೋನಿಗೂ ಗೊತ್ತಿರಲಿಲ್ಲ.

ಒಂದು ಮಾತು ಹೇಳಲೇಬೇಕು. 2019ರಲ್ಲಿ ಆ ಗಾಜು ಒಡೆದ ವಿಡಿಯೋನ ನಾನೂ ನಿಮಗೆಲ್ಲ ಕಳಿಸಿದ್ದೆ. ನಗ್ತಾ ಕಳಿಸಿದ್ದೆ. ಆವಾಗ ನಮ್ಮ ಜೊತೆ ಕೆಲಸ ಮಾಡ್ತಿದ್ದ ಒಬ್ಬ ಹುಡುಗ ಮಾತ್ರ, ಮೇಡಂ ಈ ಸ್ಟೀಲ್ ಹೇಗೆ ಬಗ್ಗಿಸ್ತಾರೆ ಅಂತ ಕಣ್ಣರಳಿಸಿ ಕೇಳಿದ್ದ. ನಾನು ಬಿಡೋ ಅದೆಲ್ಲ ಹುಚ್ಚಾಟ ಅಂತ ಗದರಿಸಿ ಕಳಿಸ್ದೆ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಕಸುಬಿನ ಪ್ರಶ್ನೆ. ಅದಕ್ಕೆ ಕೂತು ಉತ್ತರ ಕೊಡಬೇಕಾದೋಳು ನಾನು, ಆದ್ರೆ ನಾನೂ ಮೂತಿ ನೋಡಿ ನಕ್ಕು ಸುಮ್ನಾಗಿದ್ದೆ. ಆ ಗಾಡೀಲಿ 48 ವೋಲ್ಟ್ ವೈರಿಂಗ್ ಇದೆ. 12 ವೋಲ್ಟಿಗಿಂತ ನಾಲ್ಕು ಪಟ್ಟು, ಅಂದ್ರೆ ಅಷ್ಟೇ ಪವರ್‌ಗೆ ಕರೆಂಟ್ ಕಾಲು ಭಾಗ ಸಾಕು, ವೈರ್ ತೆಳ್ಳಗಾಗತ್ತೆ, ತಾಮ್ರ ಉಳಿಯತ್ತೆ. ಸ್ಟೀರಿಂಗ್‌ಗೂ ಚಕ್ರಕ್ಕೂ ಮಧ್ಯ ರಾಡ್ ಇಲ್ಲ, ಎಲ್ಲ ವೈರ್‌ನಲ್ಲೇ, ಹಿಂದಿನ ಚಕ್ರಾನೂ ತಿರುಗತ್ತೆ. ಇವೆಲ್ಲ ಮುಂದೆ ಬೇರೆ ಗಾಡಿಗಳಿಗೂ ಬರೋ ವಿಷಯ, ಇದನ್ನ ನಾನು ಓದಿದ್ದು ಎಷ್ಟೋ ವರ್ಷ ಆದ್ಮೇಲೆ.

ಅವತ್ತು ಕೊನೇ ನಾಲ್ಕು ಚೀಲ ನಾನು ಟ್ರಾಲಿಯಿಂದ ಟೇಲ್‌ಗೇಟ್‌ವರೆಗೆ ದೂಡಿಕೊಟ್ಟೆ, ಅವರು ಮೇಲೆ ನಿಂತು ಎಳ್ಕೊಂಡ್ರು. ಒಟ್ಟು ಇಪ್ಪತ್ತೆಂಟು ಚೀಲ. 2,500 ಪೌಂಡ್ ಹೊರತ್ತೆ ಅಂತ ಬರೆದಿದಾರೆ, ಇಪ್ಪತ್ತೆಂಟಕ್ಕೆ 2,240 ಆಯ್ತು, ಉಳಿದಿದ್ದು ನಂಗೆ ಅಂದ್ರು, ಡ್ರೈವರ್ ತೂಕಾನೂ ಅದರಲ್ಲೇ ಲೆಕ್ಕ ತಾನೇ. ಬೆಡ್ ಮುಚ್ಚಳ ತಾನಾಗೇ ಉರುಳಿ ಮುಚ್ಕೊಳ್ತು. ಅವರು ಇಳಿಯೋವಾಗ ಮಾತ್ರ ಆ ಎತ್ತರದ ಗೋಡೆ ಹಿಡ್ಕೊಂಡು, ಒಂದೊಂದೇ ಕಾಲು ನಿಧಾನಕ್ಕೆ ಕೆಳಗಿಟ್ರು.

ಇಲ್ಲಿ ಅಮೆರಿಕದಲ್ಲಿರೋ ನಮ್ಮೋರು ಇಬ್ರು ಮೂವರ ಹತ್ರ ಎಲೆಕ್ಟ್ರಿಕ್ ಪಿಕಪ್ ಇದೆ ಅಂತ ಗೊತ್ತು, ಯಾವ ಕಂಪನಿದಾದ್ರೂ ಸರಿ. ಟ್ರೇಲರ್ ಎಳೆದಿದ್ರೆ ಎಷ್ಟು ತೂಕಕ್ಕೆ ಎಷ್ಟು ಮೈಲಿ ಬಂತು, ಚಾರ್ಜಿಂಗ್‌ಗೆ ಬಿಚ್ಚಬೇಕಾಯ್ತಾ, ಬೆಡ್‌ಗೆ ಪಕ್ಕದಿಂದ ಕೈ ಎಟುಕತ್ತಾ ಅಂತ ಬರೀರಿ. ಮೂತಿ ಬಗ್ಗೆ ದಯವಿಟ್ಟು ಬೇಡ.