ಗೀಸರ್ ಬಿಚ್ಚಲು ಹೊರಟ ಭಾವನವರಿಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಳೆ ಮನೆಗಳ ಬಚ್ಚಲಲ್ಲಿ ಹಂಡೆಯೂ ಇದೆ, ಗೀಸರೂ ಇದೆ. ಒಣ ಕೊತ್ತಳಿಗೆ (ತೆಂಗಿನ ಮಡಲಿನ ದಪ್ಪ ಬುಡ) ಇದ್ದರೆ ಹಂಡೆಗೆ ಬೇರೇನೂ ಬೇಡ. ಗೀಸರ್ ಮಾತ್ರ ಆಟಿಯ ಜಡಿಮಳೆಗೆ, ಮನೆ ತುಂಬ ನೆಂಟರಿರುವಾಗಲೇ ಕೈಕೊಡುತ್ತದೆ. ಆಗ ಒಬ್ಬ ಭಾವ ಟೆಸ್ಟರ್ ಹಿಡಿದು ಏಳುತ್ತಾರೆ: “ಇದಕ್ಕೆಲ್ಲ ಎಲೆಕ್ಟ್ರಿಶಿಯನ್ ಎಂತಕ್ಕೆ ಮಾರಾಯ್ರೆ?”

ಏಳಲಿ. ಆದರೆ ಮೊದಲು ಗೀಸರಿನ ದೀಪ ನೋಡಲಿ. ದೀಪ ಉರಿದೂ ನೀರು ತಣ್ಣಗಿದ್ದರೆ ಹೆಚ್ಚಾಗಿ ನೀರು ಕಾಯಿಸುವ ಕಾಯಿಲ್ ಹೋಗಿರುತ್ತದೆ. ದೀಪವೇ ಇಲ್ಲದಿದ್ದರೆ ಪ್ಲಗ್, ಬೋರ್ಡಿನ ಎಂಸಿಬಿ ಸ್ವಿಚ್, ಕೊನೆಗೆ ಮುಚ್ಚಳದೊಳಗಿನ, ಅತಿ ಬಿಸಿಯಾದರೆ ಕರೆಂಟು ಕಡಿಯುವ ಕಟೌಟ್ ನೋಡಬೇಕು. ಅದರ ಸಣ್ಣ ಗುಂಡಿ ಒತ್ತಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಕಟೌಟ್ ಮತ್ತೆ ಮತ್ತೆ ಬೀಳುತ್ತಿದ್ದರೆ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಬದಲಿಸಬೇಕು. ಮುಚ್ಚಳ ತೆಗೆಯುವ ಮೊದಲು ಪ್ಲಗ್ ಕಿತ್ತಿಡಿ. ಫೇಸ್, ನ್ಯೂಟ್ರಲ್ ಅದಲುಬದಲಾದ ಮನೆಗಳಲ್ಲಿ ಸ್ವಿಚ್ ಆಫ್ ಮಾಡಿದರೂ ಕಾಯಿಲಿನಲ್ಲಿ ಕರೆಂಟು ಇರುತ್ತದೆ.

ವಯರು ಬಿಡಿಸಿ ಮಲ್ಟಿಮೀಟರ್ ಇಟ್ಟರೆ 2000 ವಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಕಾಯಿಲಿನ ತುದಿಗೂ ಅದರ ಲೋಹದ ತಟ್ಟೆಗೂ ನಡುವೆ ಅಂಕಿ ಬಂದರೆ ಕರೆಂಟು ಲೀಕ್. ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದ್ದರೆ ಅದಕ್ಕೇ. “ಆ ಇಎಲ್‌ಸಿಬಿಯದ್ದೇ ಉಪದ್ರ” ಎಂದು ಅದನ್ನೇ ತಪ್ಪಿಸಿ ವಯರು ಎಳೆದು ಸ್ನಾನಕ್ಕೆ ಹೋಗುವ ವೀರರಿಗೆ ನಮಸ್ಕಾರ.

ಭಾವನವರಿಗೆ ನಿಜವಾದ ಅಭಿಷೇಕ ಆಗುವುದು ನೀರು ಖಾಲಿ ಮಾಡುವಲ್ಲಿ. ತಣ್ಣೀರು ಬರುವ ವಾಲ್ವ್ ಕಟ್ಟಿ ಬಿಸಿನೀರಿನ ನಳ್ಳಿ ಬಿಡುತ್ತಾರೆ. ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ಟ್ಯಾಂಕ್ ಖಾಲಿ ಎಂದು ಕಾಯಿಲಿನ ತಟ್ಟೆಯ ಬೋಲ್ಟ್ ಬಿಚ್ಚುತ್ತಾರೆ. ನೆಟ್ಟಗೆ ನಿಲ್ಲಿಸಿದ (ವರ್ಟಿಕಲ್) ಗೀಸರಿನಲ್ಲಿ ಬಿಸಿನೀರಿನ ಕೊಳವೆಯ ಬಾಯಿ ಒಳಗೆ ಮೇಲ್ತುದಿಯಲ್ಲಿರುತ್ತದೆ, ಹಾಗಾಗಿ 15 ಲೀಟರೂ ಅಲ್ಲೇ ಕಾದು ಕುಳಿತಿರುತ್ತದೆ. ಆರಲು ಬಿಟ್ಟು, ಬಿಸಿನೀರಿನ ನಳ್ಳಿಯನ್ನು ಗಾಳಿಗಾಗಿ ತೆರೆದಿಟ್ಟು, ತಣ್ಣೀರಿನ ಕಡೆಯ ಸೇಫ್ಟಿ ವಾಲ್ವನ್ನೇ ಕಳಚಿ ಬಕೆಟಿಗೆ ಇಳಿಸಬೇಕು.

ಬಿಚ್ಚಿದ ಮೇಲೆ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವುದು ಅದರ ಕೆಲಸ. ತಂತಿ ಮಾತ್ರ ಉಳಿದಿದ್ದರೆ ಹೊಸದು ಹಾಕಿ. ಮುರಕಲ್ಲಿನ (ಕೆಂಪು ಕಲ್ಲಿನ) ನಾಡಿನಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯಲು ಸಿಹಿ, ಆದರೆ ಅಂಥ ಮೆದು, ಆಮ್ಲೀಯ ನೀರು ಲೋಹಕ್ಕೆ ಒಳ್ಳೆಯದಲ್ಲ.

ತಟ್ಟೆಯಡಿಯ ಹಳೆ ರಬ್ಬರ್ ಗ್ಯಾಸ್ಕೆಟನ್ನು ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಸಿನೀರಿನ ನಳ್ಳಿಯಲ್ಲಿ ಗಾಳಿ ಉಗುಳುವುದು ನಿಂತು ಧಾರೆ ಒಂದೇ ಸಮ ಬಂದ ಮೇಲಷ್ಟೇ ಸ್ವಿಚ್. ಖಾಲಿ ಟ್ಯಾಂಕಿನಲ್ಲಿ ಹೊಸ ಕಾಯಿಲ್ ಹೆಚ್ಚು ಹೊತ್ತು ಬಾಳುವುದಿಲ್ಲ.

ಇಪ್ಪತ್ತು ನಿಮಿಷದಲ್ಲಿ ನೀರು ಕಾಯುತ್ತದೆ. ಅಷ್ಟರಲ್ಲಿ ಸೇಫ್ಟಿ ವಾಲ್ವಿನಿಂದ ಹನಿ ಬೀಳಲು ಶುರುವಾದರೆ ಭಾವ ತೂತು ಮುಚ್ಚಲು ಎಂ-ಸೀಲ್ ಹುಡುಕುತ್ತಾರೆ. ಅವರ ಕೈ ಹಿಡಿಯಿರಿ. 25 ಡಿಗ್ರಿಯಿಂದ 60ಕ್ಕೆ ಕಾಯುವಾಗ 15 ಲೀಟರ್ ನೀರು ಸುಮಾರು 200 ಎಂ.ಎಲ್. ಹಿಗ್ಗುತ್ತದೆ, ಹೊರಬರುತ್ತಿರುವುದು ಅದೇ. ಆ ತೂತು ಮುಚ್ಚಿದರೆ ಮುಂದೆ ಬಿರಿಯುವುದು ಟ್ಯಾಂಕ್. ಕೆಳಗೊಂದು ಚೆಂಬು ಇಡಿ, ಸಾಕು.