ಸತ್ಯಾಂಶ: ಕೆನ್ಯಾದ ಮಹಿಳಾ ಸ್ಥಾನಗಳು ಬರಿಯ ನೇಮಕಾತಿಯಲ್ಲ

ಯುವ ವಕೀಲೆಯೊಬ್ಬರ ಫೋಟೊ, ಅದರ ಕೆಳಗೆ ಒಂದೆರಡು ಸಾಲು: ಆಫ್ರಿಕಾದಲ್ಲಿ ಇಂಥವರು ಮತವನ್ನೇ ಕೇಳದೆ, ಮಹಿಳಾ ಮೀಸಲಿನ ನೇಮಕಾತಿಯಿಂದ ಸಂಸತ್ತಿಗೆ ಬರುತ್ತಾರೆ ಎಂಬುದು ಆಗಾಗ ಹರಿದುಬರುವ ಸಂದೇಶದ ಸಾರ. ಕೆನ್ಯಾದ ಮಟ್ಟಿಗೆ ಇದು ತಪ್ಪು.

2010ರ ಸಂವಿಧಾನದ 97ನೇ ವಿಧಿಯ ಪ್ರಕಾರ ಅಲ್ಲಿನ ಕೆಳಮನೆಗೆ 290 ಕ್ಷೇತ್ರಗಳಿಂದ ಸದಸ್ಯರು ಆರಿಸಿಬರುತ್ತಾರೆ; ಇವುಗಳಲ್ಲಿ ಮಹಿಳೆಯರೂ ಸ್ಪರ್ಧಿಸಬಹುದು. ಜೊತೆಗೆ 47 ಕೌಂಟಿಗಳಿಗೆ, ಎಂದರೆ ನಮ್ಮ ಜಿಲ್ಲೆಗಳನ್ನು ಹೋಲುವ ಘಟಕಗಳಿಗೆ, ತಲಾ ಒಬ್ಬ ಮಹಿಳಾ ಪ್ರತಿನಿಧಿ ಇರುತ್ತಾರೆ. ಈ ಸ್ಥಾನಕ್ಕೆ ನಿಲ್ಲುವವರೆಲ್ಲ ಮಹಿಳೆಯರಾದರೂ ಮತ ಹಾಕುವವರು ಕೌಂಟಿಯ ಎಲ್ಲ ಮತದಾರರು, ಗಂಡಸರೂ ಸೇರಿ. ಹಾಗಾಗಿ ಪ್ರಚಾರದ ವ್ಯಾಪ್ತಿ ಒಂದು ಕ್ಷೇತ್ರಕ್ಕಿಂತ ಸಾಮಾನ್ಯವಾಗಿ ದೊಡ್ಡದೇ. ಪಕ್ಷಗಳು ನಾಮನಿರ್ದೇಶನ ಮಾಡುವ 12 ಸ್ಥಾನಗಳೂ ಇವೆ, ಅವು ಯುವಜನರು, ಅಂಗವಿಕಲರು, ಕಾರ್ಮಿಕರು ಮೊದಲಾದವರಿಗಾಗಿ. ಗೊಂದಲ ಬಹುಶಃ ಇಲ್ಲಿಂದಲೇ ಹುಟ್ಟಿರಬೇಕು, ಹಂಚಿದವರನ್ನು ದೂರುವಂಥದ್ದೇನಿಲ್ಲ.

ರುವಾಂಡಾದ ಕ್ರಮ ಬೇರೆ: 80 ಸ್ಥಾನಗಳ ಕೆಳಮನೆಯಲ್ಲಿ ಮಹಿಳೆಯರ 24 ಮೀಸಲು ಸ್ಥಾನಗಳನ್ನು ನೇರ ಮತದಾರರಲ್ಲ, ಚುನಾಯಕ ಮಂಡಲಿಗಳು, ಎಂದರೆ ಮತ ಹಾಕಲು ಗೊತ್ತುಪಡಿಸಿದ ಪ್ರತಿನಿಧಿಗಳ ಗುಂಪುಗಳು, ತುಂಬುತ್ತವೆ. ಆದ್ದರಿಂದ ‘ಆಫ್ರಿಕಾದಲ್ಲಿ’ ಎಂದಷ್ಟೇ ಹೇಳಿ ದೇಶವನ್ನು ಹೆಸರಿಸದ ಸಂದೇಶವನ್ನು ಮೊದಲು ಅಲ್ಲಿಯೇ ತಡೆಯಬೇಕು.

ಪರಿಶೀಲನೆ ಕಷ್ಟವಲ್ಲ. ದೇಶ ಯಾವುದೆಂದು ತಿಳಿದ ಮೇಲೆ ಅದರ ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ ಸದಸ್ಯೆಯ ಹೆಸರನ್ನು ಹುಡುಕಿ, ಅವರ ಸ್ಥಾನ ಕ್ಷೇತ್ರದ್ದೋ, ಕೌಂಟಿಯದೋ, ನಾಮನಿರ್ದೇಶಿತವೋ ಎಂದು ನೋಡಬಹುದು. ಫೋಟೊ ಹಳೆಯದೋ ಅಲ್ಲವೋ ಎಂಬುದನ್ನು ಚಿತ್ರಶೋಧದಿಂದ ತಿಳಿಯಬಹುದು.